ಹೋಗೋಕೆ ಸೈ, ಬರೋಕೆ ಯಾಕೆ ಬೇಡ? ಭದ್ರಾವತಿಯಿಂದ ಬ್ರೆಕ್ಸಿಟ್‌ವರೆಗೆ ಒಂದೇ ಪ್ರಶ್ನೆ

ಇದು ಇವತ್ತಿನ ಎಪಿಸೋಡ್‌ನ ಬರಹ ರೂಪ. ಇಯರ್‌ಫೋನ್ ಮನೇಲಿ ಬಿಟ್ಟು ಬಸ್ ಹತ್ತಿದವರೂ ಓದ್ಕೊಳ್ಳಬಹುದು.

ಮೊದಲು ಎರಡು ಪ್ರಶ್ನೆ. ಒಂದು: ಭದ್ರಾವತಿಯ ಜನ್ನಾಪುರದ ಹುಡುಗನೋ ಹುಡುಗಿಯೋ ಪುಣೆ, ಚೆನ್ನೈ, ಹೈದರಾಬಾದ್, ಎಲ್ಲಿ ಬೇಕಾದ್ರೂ ಹೋಗಿ ಕೆಲಸಕ್ಕೆ ಸೇರಬಹುದಾ? ‘ಇದೇನು ಕೇಳೋದು, ಸೇರಬಹುದಲ್ವಾ’ ಅಂತೀರಿ. ಎರಡು: ಆ ಊರಿನವರು ಅಷ್ಟೇ ಸಲೀಸಾಗಿ ಇಲ್ಲಿಗೆ ಬಂದು, ನೀವು ಅರ್ಜಿ ಹಾಕಿರೋ ಕೆಲಸಕ್ಕೇ ಸೇರಬಹುದಾ? ಈಗ ಸ್ವಲ್ಪ ಯೋಚನೆಗೆ ಬಿದ್ರಿ.

ಇದು ನಮ್ಮೊಬ್ಬರ ಕಥೆ ಅಲ್ಲ. ಯುರೋಪಿನವರು ಇದೇ ಪ್ರಶ್ನೆ ಇಟ್ಟುಕೊಂಡು ವರ್ಷಗಟ್ಟಲೆ ಕಿತ್ತಾಡಿದ್ದಾರೆ. ಒಂದು ದೇಶ ಒಕ್ಕೂಟವನ್ನೇ ಬಿಟ್ಟು ಹೋಯ್ತು. ಅಲ್ಲಿ ಏನಾಯ್ತು ಅಂತ ಮೊದಲು ನೋಡೋಣ, ಆಮೇಲೆ ನಮ್ಮೂರಿಗೆ ಬರೋಣ.

ಯುರೋಪಿನ ನಿಯಮ ಏನು?

1957ರ ರೋಮ್ ಒಪ್ಪಂದದಲ್ಲೇ ಇದರ ಬೀಜ ಇದೆ. ಒಕ್ಕೂಟದ ಒಂದು ದೇಶದ ಪ್ರಜೆ ಇನ್ನೊಂದು ದೇಶಕ್ಕೆ ಹೋಗಿ ಕೆಲಸ ಮಾಡೋಕೆ ವೀಸಾ ಬೇಡ, ಪರವಾನಗಿ ಬೇಡ. ಕೆಲಸಕ್ಕೆ ಸೇರಿದ ಮೇಲೆ ಸಂಬಳ, ಕೆಲಸದ ಷರತ್ತುಗಳಲ್ಲಿ ಸ್ಥಳೀಯರಿಗೂ ಅವರಿಗೂ ಭೇದ ಮಾಡುವಂತಿಲ್ಲ.

ನಮಗೆ ಇದು ವಿಶೇಷ ಅನ್ನಿಸಲ್ಲ, ಯಾಕಂದ್ರೆ ನಮ್ಮ ಸಂವಿಧಾನದ 19ನೇ ವಿಧಿ ದೇಶದ ಒಳಗೆ ಓಡಾಡುವ, ನೆಲೆಸುವ, ಉದ್ಯೋಗ ಮಾಡುವ ಹಕ್ಕು ಕೊಟ್ಟಿದೆ. ನಮ್ಮಲ್ಲಿ ರಾಜ್ಯ ರಾಜ್ಯಗಳ ನಡುವೆ ಇರೋದನ್ನ ಅವರು ದೇಶ ದೇಶಗಳ ನಡುವೆ ತಂದ್ರು.

2004ರಲ್ಲಿ ಏನಾಯ್ತು?

ಆ ವರ್ಷ ಮೇ 1ರಂದು ಹತ್ತು ದೇಶಗಳು ಒಕ್ಕೂಟ ಸೇರಿದವು. ಪೋಲೆಂಡ್, ಲಿಥುವೇನಿಯಾದಂತಹ ಪೂರ್ವದ ದೇಶಗಳೇ ಅದರಲ್ಲಿ ಹೆಚ್ಚು. ಅಲ್ಲಿ ಸಂಬಳ ಕಡಿಮೆ. ಹಳೆಯ ಸದಸ್ಯರಿಗೆ ಏಳು ವರ್ಷದವರೆಗೆ ಬಾಗಿಲು ಹಾಕಿಕೊಂಡಿರೋ ಅವಕಾಶ ಇತ್ತು. ಜರ್ಮನಿ, ಆಸ್ಟ್ರಿಯಾ 2011ರವರೆಗೂ ಅದನ್ನ ಬಳಸಿಕೊಂಡವು. ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ ಮೊದಲ ದಿನವೇ ಬಾಗಿಲು ತೆಗೆದವು.

ಬ್ರಿಟನ್ ಸರ್ಕಾರ ಮಾಡಿಸಿದ ಒಂದು ಅಂದಾಜು, ವರ್ಷಕ್ಕೆ 5,000ದಿಂದ 13,000 ಜನ ಹೆಚ್ಚಾಗಬಹುದು ಅಂತ ಹೇಳಿತ್ತು. ಬಂದವರು ಕೆಲವೇ ವರ್ಷದಲ್ಲಿ ಲಕ್ಷಗಟ್ಟಲೆ. ಪಕ್ಕದ ಜರ್ಮನಿ ಬಾಗಿಲು ಹಾಕಿಕೊಂಡಿದ್ದೂ ಇದಕ್ಕೆ ಒಂದು ಕಾರಣ.

2016ರ ಜೂನ್ 23ರಂದು ಬ್ರೆಕ್ಸಿಟ್ ಜನಮತಗಣನೆ. ಶೇ 51.9ರಷ್ಟು ಜನ ಒಕ್ಕೂಟ ಬಿಡೋಣ ಅಂದ್ರು. ವಲಸೆ ಒಂದೇ ಕಾರಣ ಅಲ್ಲ, ಆದ್ರೆ ದೊಡ್ಡ ಕಾರಣಗಳಲ್ಲಿ ಒಂದು.

ಇಲ್ಲಿ ಒಂದು ಸ್ವಾರಸ್ಯ ಇದೆ. ಲಂಡನ್ನಿನಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಹೊರದೇಶದಲ್ಲಿ ಹುಟ್ಟಿದವರು. ಅಲ್ಲಿ ಶೇ 60ರಷ್ಟು ಮತ ‘ಒಕ್ಕೂಟದಲ್ಲೇ ಇರೋಣ’ ಅನ್ನೋ ಕಡೆಗೆ. ಬಾಸ್ಟನ್ ಅಂತ ಇನ್ನೊಂದು ಊರಿದೆ, ಅಮೆರಿಕದ್ದಲ್ಲ, ಇಂಗ್ಲೆಂಡಿನ ಲಿಂಕನ್‌ಶೈರ್‌ನದು. ಸುತ್ತ ತರಕಾರಿ ಹೊಲ, ಪ್ಯಾಕಿಂಗ್ ಕಾರ್ಖಾನೆ. ಅಲ್ಲಿ ಶೇ 75.6 ಜನ ‘ಬಿಡೋಣ’ ಅಂದ್ರು, ದೇಶದಲ್ಲೇ ಅತಿ ಹೆಚ್ಚು. ಅಂದ್ರೆ ಹೊರಗಿನವರು ಎಷ್ಟಿದ್ದಾರೆ ಅನ್ನೋದಷ್ಟೇ ಜನರ ಅಭಿಪ್ರಾಯ ನಿರ್ಧರಿಸಲ್ಲ. ಎಷ್ಟು ಬೇಗ ಬಂದ್ರು, ಊರಿನ ಆಸ್ಪತ್ರೆ, ಶಾಲೆ, ಬಾಡಿಗೆ ಮನೆ ಅದಕ್ಕೆ ತಕ್ಕಂತೆ ಹೆಚ್ಚಾದವಾ ಅನ್ನೋದೂ ಮುಖ್ಯ.

ಸಂಬಳ? ಬ್ರಿಟನ್ ಸರ್ಕಾರದ ವಲಸೆ ಸಲಹಾ ಸಮಿತಿ 2018ರಲ್ಲಿ ವರದಿ ಕೊಟ್ಟಿತು. ಒಟ್ಟಾರೆ ನೋಡಿದ್ರೆ ಸ್ಥಳೀಯರ ಕೆಲಸ, ಸಂಬಳದ ಮೇಲೆ ಪರಿಣಾಮ ತೀರಾ ಕಡಿಮೆ, ಆದ್ರೆ ಕಡಿಮೆ ಸಂಬಳದವರಿಗೆ ಸ್ವಲ್ಪ ಹೊಡೆತ ಬಿದ್ದಿರಬಹುದು ಅಂತ. ಸರಾಸರಿ ಲೆಕ್ಕ ಸರಿಯಿದ್ರೂ ಹೊಡೆತ ತಿಂದವರಿಗೆ ಆ ಸರಾಸರಿಯಿಂದ ಸಮಾಧಾನ ಆಗಲ್ಲ.

ಹಾಗಾದ್ರೆ ಯುರೋಪಿನವರಿಗೆ ಇದು ಬೇಡವಾ?

ಬೇಕು! ಯುರೋಬ್ಯಾರೋಮೀಟರ್ ಅನ್ನೋ ಅಧಿಕೃತ ಸಮೀಕ್ಷೆಯಲ್ಲಿ ‘ಒಕ್ಕೂಟದಿಂದ ಆದ ಒಳ್ಳೆಯದೇನು’ ಅಂತ ಕೇಳಿದಾಗಲೆಲ್ಲ ಮೇಲಿನ ಸಾಲಲ್ಲಿ ಬರೋ ಎರಡು ಉತ್ತರ: ಶಾಂತಿ ಮತ್ತು ಮುಕ್ತ ಓಡಾಟ.

ಸ್ವಿಟ್ಜರ್ಲೆಂಡ್ ನೋಡಿ. ಅದು ಒಕ್ಕೂಟದ ಸದಸ್ಯ ಅಲ್ಲ, ಆದ್ರೆ ಓಡಾಟದ ಒಪ್ಪಂದ ಇದೆ. 2014ರಲ್ಲಿ ವಲಸೆಗೆ ಮಿತಿ ಹಾಕಬೇಕಾ ಅಂತ ಕೇಳಿದಾಗ ಶೇ 50.3 ಜನ ಹೌದು ಅಂದ್ರು. 2020ರಲ್ಲಿ ಒಪ್ಪಂದವನ್ನೇ ಮುರಿಯೋಣವಾ ಅಂತ ಕೇಳಿದ್ರೆ ಸುಮಾರು ಶೇ 62 ಜನ ಬೇಡ ಅಂದ್ರು. ಮೊದಲ ಸಲ ಪ್ರಶ್ನೆ ಇದ್ದದ್ದು ಬರುವವರ ಬಗ್ಗೆ. ಎರಡನೇ ಸಲ, ತಾವು ಹೋಗುವ ದಾರಿಯೂ ಮುಚ್ಚುತ್ತೆ, ವ್ಯಾಪಾರಕ್ಕೂ ಪೆಟ್ಟು ಬೀಳುತ್ತೆ ಅನ್ನೋದು ಕಣ್ಣೆದುರಿಗಿತ್ತು.

ಈಗ ನಮ್ಮೂರಿಗೆ ಬನ್ನಿ

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಭದ್ರಾ ನದಿ ದಡದ ಈ ಸಣ್ಣ ಊರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆ ಕಟ್ಟಿತು, 1923ರಲ್ಲಿ ಉತ್ಪಾದನೆ ಶುರುವಾಯ್ತು. ಅದೇ ಇವತ್ತಿನ ವಿಐಎಸ್‌ಎಲ್. 1930ರ ದಶಕದಲ್ಲಿ ಪೇಪರ್ ಮಿಲ್, ಅಂದ್ರೆ ಎಂಪಿಎಂ ಬಂತು. ಕುಲುಮೆ, ಗಿರಣಿ ನಡೆಸೋಕೆ ತಮಿಳುನಾಡು, ಕೇರಳ, ಆಂಧ್ರ ಕಡೆಯಿಂದಲೂ ಜನ ಬಂದ್ರು, ಇಲ್ಲೇ ನೆಲೆ ನಿಂತ್ರು. ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳಿಸೋ ಊರು ಇದು.

ಕಾರ್ಖಾನೆಗೆ ಯಾರ ಹೆಸರಿದೆಯೋ ಆ ವಿಶ್ವೇಶ್ವರಯ್ಯನವರೂ ಹೊರಗೆ ಹೋಗಿ ದುಡಿದವರೇ. ಅವರ ನೌಕರಿ ಶುರುವಾಗಿದ್ದು ಬಾಂಬೆ ಪ್ರಾಂತ್ಯದಲ್ಲಿ. ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿನಲ್ಲೂ ಕೆಲಸ ಮಾಡಿದ್ರು. ಮೈಸೂರಿಗೆ ಬಂದದ್ದು ಆಮೇಲೆ.

ಈಗ ಪೇಪರ್ ಮಿಲ್ ನಿಂತಿದೆ. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತ್ರು. ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾದ್ರೂ ಹಳೆಯ ಗದ್ದಲ ಮರಳಲಿಲ್ಲ. ಒಂದು ಕಾಲಕ್ಕೆ ಜನರನ್ನ ಕರೆಸಿಕೊಂಡ ಊರು ಈಗ ತನ್ನ ಮಕ್ಕಳನ್ನ ಬೆಂಗಳೂರು ಬಸ್ಸು, ರೈಲು ಹತ್ತಿಸ್ತಾ ಇದೆ.

ಹಾಗಾದ್ರೆ ಸ್ಥಳೀಯರಿಗೆ ಮೀಸಲು ಕೇಳೋದು ತಪ್ಪಾ?

ತಪ್ಪು ಅಂತ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ 58 ಶಿಫಾರಸು ಕೊಟ್ಟಿತ್ತು. ನಮ್ಮ ನೆಲ, ನೀರು ಕೊಟ್ಟು ಕಟ್ಟಿದ ಕಾರ್ಖಾನೇಲಿ ನಮ್ಮವರಿಗೇ ಕೆಲಸ ಇಲ್ಲ ಅನ್ನೋ ನೋವು ನಿಜವಾದದ್ದು.

2024ರ ಜುಲೈನಲ್ಲಿ ರಾಜ್ಯ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ. ಉದ್ಯಮಗಳು ವಿರೋಧಿಸಿದವು, ಎರಡೇ ದಿನದಲ್ಲಿ ಅದಕ್ಕೆ ತಡೆ ಬಿತ್ತು. ಹರಿಯಾಣದಲ್ಲಿ ತಿಂಗಳಿಗೆ 30,000 ರೂಪಾಯಿವರೆಗಿನ ಖಾಸಗಿ ಕೆಲಸಗಳಲ್ಲಿ ಶೇ 75 ಸ್ಥಳೀಯರಿಗೆ ಅನ್ನೋ ಕಾನೂನು ಬಂದಿತ್ತು. 2023ರ ನವೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನ ರದ್ದು ಮಾಡಿತು.

ನಮ್ಮ ಮಸೂದೆಯಲ್ಲಿ ‘ಸ್ಥಳೀಯ’ ಅಂದ್ರೆ ಯಾರು ಗೊತ್ತಾ? ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಇಲ್ಲೇ ನೆಲೆಸಿ, ಕನ್ನಡ ಮಾತಾಡೋಕೆ, ಓದೋಕೆ, ಬರೆಯೋಕೆ ಬರುವವರು. ಆ ಲೆಕ್ಕದಲ್ಲಿ, ಅಜ್ಜ ಸೇಲಂನಿಂದ ಕುಲುಮೆ ಕೆಲಸಕ್ಕೆ ಬಂದಿದ್ರೂ ಭದ್ರಾವತಿಯಲ್ಲೇ ಹುಟ್ಟಿ ಬೆಳೆದು ಕನ್ನಡ ಕಲಿತ ಮೊಮ್ಮಗಳು ಪಕ್ಕಾ ಸ್ಥಳೀಯಳು. ಅಜ್ಜನನ್ನ ಅವತ್ತೇ ವಾಪಸ್ ಕಳಿಸಿದ್ರೆ ಈ ಮೊಮ್ಮಗಳು ಇಲ್ಲಿ ಇರ್ತಾನೇ ಇರಲಿಲ್ಲ.

ಕೊನೆಗೆ ಏನು ಹೇಳೋಣ?

‘ಹೊರಗಿನವರು ಬೇಡ’ ಅನ್ನೋ ಒಂದೇ ಮಾತಿನ ಒಳಗೆ ನಾಲ್ಕು ಬೇರೆ ಬೇರೆ ದೂರು ಸೇರಿಕೊಂಡಿರ್ತವೆ. ಸಂಬಳ ಇಳೀತು ಅನ್ನೋದು ಒಂದು. ಅದಕ್ಕೆ ಬೇಕಾದ್ದು ಕನಿಷ್ಠ ಕೂಲಿಯ ಕಟ್ಟುನಿಟ್ಟು ಜಾರಿ. ಬಂದವರು ಕನ್ನಡ ಕಲೀತಿಲ್ಲ ಅನ್ನೋದು ಇನ್ನೊಂದು. ಅದಕ್ಕೆ ಬೇಕಾದ್ದು ಕಲಿಸೋ ವ್ಯವಸ್ಥೆ, ಕಲಿಯೋ ಮನಸ್ಸು. ಮನೆ ಬಾಡಿಗೆ, ನೀರು, ಆಸ್ಪತ್ರೆ ಸಾಲಲ್ಲ ಅನ್ನೋದು ಸರ್ಕಾರ ಖರ್ಚು ಮಾಡಬೇಕಾದ ವಿಷಯ. ನಮ್ಮೂರಲ್ಲೇ ಕೆಲಸ ಇಲ್ಲ ಅನ್ನೋದು ನಾಲ್ಕನೇದು. ಭದ್ರಾವತಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಕಾರ್ಖಾನೆಯ ಗೇಟೇ ಮುಚ್ಚಿದ ಮೇಲೆ ಒಳಗಿನ ಶೇ 70 ಯಾರಿಗೆ ಅನ್ನೋ ಲೆಕ್ಕದಿಂದ ಯಾರ ಹೊಟ್ಟೆಯೂ ತುಂಬಲ್ಲ.

ಮುಂದಿನ ಸಲ ‘ಹೊರಗಿನವರನ್ನ ಓಡಿಸಿ’ ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಬಂದಾಗ, ಈ ನಾಲ್ಕರಲ್ಲಿ ಇದು ಯಾವ ದೂರು ಅಂತ ಕೇಳಿ. ಜೊತೆಗೆ ಪುಣೆಯಲ್ಲೋ ಚೆನ್ನೈನಲ್ಲೋ ಇರೋ ನಿಮ್ಮ ಅಕ್ಕನಿಗೋ ತಮ್ಮನಿಗೋ ಅಲ್ಲಿಯವರು ಇದೇ ಮೆಸೇಜ್ ಕಳಿಸಿದ್ರೆ ಏನನ್ನಿಸುತ್ತೆ ಅಂತಲೂ ಕೇಳಿ.

ನಿಮ್ಮ ಮನೆಯವರು ಈ ಊರಿಗೆ ಯಾವಾಗ, ಎಲ್ಲಿಂದ ಬಂದ್ರು? ವಾಯ್ಸ್ ನೋಟ್ ಕಳಿಸಿ, ಕೇಳೋಕೆ ಕಾಯ್ತಾ ಇರ್ತೀವಿ.