ಕೆಲವರ ಬಲಹೀನತೆಯೂ ಕರ್ತನ ಮೇಜೂ

ಕೆಲವು ವರ್ಷಗಳ ಹಿಂದೆ, ಬೆಂಗಳೂರಿನಲ್ಲಿ ಸಭಾಸೇವೆಯಲ್ಲಿದ್ದಾಗ, ಸದಸ್ಯರೊಬ್ಬರು ಆರಾಧನೆ ಮುಗಿದ ಮೇಲೆ ನಮ್ಮಲ್ಲಿಗೆ ಬಂದು ಒಂದು ಸಲಹೆಯನ್ನು ಕೇಳಿದರು. ಅವರ ಮನೆಯ ಮೇಲಂತಸ್ತು ಖಾಲಿಯಿತ್ತು. ಆಫ್ರಿಕದಿಂದ ಓದಲು ಬಂದಿದ್ದ ಇಬ್ಬರು ವಿದ್ಯಾರ್ಥಿಗಳು ಅದನ್ನು ಬಾಡಿಗೆಗೆ ಕೇಳಿದ್ದರು, ಇಬ್ಬರೂ ಕ್ರೈಸ್ತರು. “ಅಯ್ಯನವರೇ, ನಮಗೇನೂ ಅಭ್ಯಂತರವಿಲ್ಲ. ಆದರೆ ಅಕ್ಕಪಕ್ಕದವರು ಒಪ್ಪುವುದಿಲ್ಲ. ಏನು ಮಾಡೋಣ?” ಎಂದರು. “ನೆರೆಯವರ ಮನಸ್ಸನ್ನು ಯಾಕೆ ನೋಯಿಸುತ್ತೀರಿ? ಸದ್ಯಕ್ಕೆ ಬೇಡವೆನ್ನಿ” ಎಂದು ನಾವು ಉತ್ತರಿಸಿದೆವು. ಅದು ಸಮಾಧಾನದ ಮಾತೆಂದೇ ಆಗ ತೋರಿತ್ತು. ಮುಂದೆ ಸಭಾಚರಿತ್ರೆಯ ಪಾಠಕ್ಕಾಗಿ ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಸಭೆಯ ಇತಿಹಾಸವನ್ನು ಓದುವಾಗ, ಇಂಥದೇ ಉತ್ತರವನ್ನು ಒಂದು ಸಿನಡ್ ನಮಗಿಂತ ಮೊದಲೇ ಕೊಟ್ಟಿತ್ತೆಂದು ಕಂಡು ತಲೆತಗ್ಗಿಸಿದೆವು.

1857ರ ನಿರ್ಣಯ

1829ರಲ್ಲಿ ಆ ಸಭೆಯ ಕೇಪ್ ಸಿನಡ್, ಬಣ್ಣವನ್ನಾಗಲಿ ಹುಟ್ಟನ್ನಾಗಲಿ ಎಣಿಸದೆ ಸಕಲ ಸದಸ್ಯರಿಗೂ ಕರ್ತನ ಭೋಜನವನ್ನು ಒಟ್ಟಾಗಿ ಕೊಡಬೇಕೆಂದು ತೀರ್ಮಾನಿಸಿತ್ತು. ಬಿಳಿಯ ಸದಸ್ಯರಲ್ಲಿ ಹಲವರಿಗೆ ಇದು ಸಹನವಾಗಲಿಲ್ಲ. 1857ರಲ್ಲಿ ಪ್ರಶ್ನೆಯು ಪುನಃ ಸಿನಡ್‌ನ ಮುಂದೆ ಬಂತು. ಒಂದೇ ಸಭೆಯಾಗಿ ಕೂಡುವುದೇ ಅಪೇಕ್ಷಣೀಯ, ಅದೇ ವಾಕ್ಯಾನುಸಾರವೆಂದು ಸಿನಡ್ ಮೊದಲು ಒಪ್ಪಿಕೊಂಡಿತು. ಆದರೆ ಕೆಲವರ ಬಲಹೀನತೆಯ ದೆಸೆಯಿಂದ ಸುವಾರ್ತಾಸೇವೆಗೆ ಅಡ್ಡಿಯಾಗುವ ಕಡೆಗಳಲ್ಲಿ, ಅನ್ಯಜನರೊಳಗಿಂದ ಬಂದ ವಿಶ್ವಾಸಿಗಳು ಬೇರೊಂದು ಕಟ್ಟಡದಲ್ಲಿ ಕೂಡಲಿ ಎಂದು ಸೇರಿಸಿತು.

ಸಿನಡ್ ಇಲ್ಲಿ ಹೊಸ ಬೋಧನೆಯೊಂದನ್ನು ಹುಟ್ಟಿಸಲಿಲ್ಲ. ಒಂದು ವಿನಾಯಿತಿಯನ್ನು ಮಾತ್ರ ಕೊಟ್ಟಿತು. ವಿನಾಯಿತಿ ರೂಢಿಯಾಯಿತು. 1881ರಲ್ಲಿ ಮಿಶ್ರವರ್ಣೀಯರಿಗೆಂದು ಪ್ರತ್ಯೇಕ ಮಿಷನ್ ಸಭೆ ಸ್ಥಾಪಿತವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಬಾಬೆಲಿನ ಗೋಪುರದ ವೃತ್ತಾಂತವೇ ಮೊದಲಾದ ಭಾಗಗಳನ್ನು ಹಿಡಿದು ಆ ರೂಢಿಗೆ ದೇವಶಾಸ್ತ್ರದ ಸಮರ್ಥನೆಯನ್ನೂ ಕಟ್ಟಿದರು. 1948ರಲ್ಲಿ ವರ್ಣಭೇದ ನೀತಿಯನ್ನು ಘೋಷಿಸಿ ಅಧಿಕಾರಕ್ಕೆ ಬಂದ ಪಕ್ಷದ ನಾಯಕ ಡಿ. ಎಫ್. ಮಲಾನ್, ಹಿಂದೆ ಅದೇ ಸಭೆಯ ಪಾಲಕರಾಗಿದ್ದವರು. ರಾಜಕಾರಣವು ಹೊರಗಿನಿಂದ ಬಂದು ಸಭೆಯನ್ನು ಕೆಡಿಸಿತೆಂದು ಹೇಳುವುದು ಸುಲಭ. ಇಲ್ಲಿಯಾದರೋ, ಆ ಸರಕಾರ ಬರುವುದಕ್ಕೆ ತೊಂಬತ್ತೊಂದು ವರ್ಷ ಮೊದಲೇ ಕರ್ತನ ಮೇಜನ್ನು ಬೇರ್ಪಡಿಸಲು ಅನುಮತಿ ದೊರೆತಿತ್ತು.

ಬಲಹೀನರು ಯಾರು?

ಬಲಹೀನತೆ ಎಂಬ ಮಾತು ಅಪೊಸ್ತಲ ಪೌಲನದು. ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯದಲ್ಲಿಯೂ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿಯೂ ಅವನು ಬಲಹೀನ ಸಹೋದರನನ್ನು ಕುರಿತು ಬರೆಯುತ್ತಾನೆ. ಅಲ್ಲಿ ಬಲವುಳ್ಳವನು ಬಿಟ್ಟುಕೊಡುವುದು ತನ್ನ ಸ್ವಂತ ಹಕ್ಕನ್ನು, ತನ್ನ ತಟ್ಟೆಯ ಮಾಂಸವನ್ನು. ಇನ್ನೊಬ್ಬನು ಕುಳಿತ ಸ್ಥಳವನ್ನು ಬಿಟ್ಟುಕೊಡಲು ಅವನಿಗೆ ಅಧಿಕಾರವಿಲ್ಲ. ಕೇಪ್ ಸಿನಡ್ ಬಲಹೀನರೆಂದು ಕರೆದದ್ದು ಭೂಮಿಯೂ ಅಧಿಕಾರವೂ ಉಳ್ಳವರನ್ನು. ಅವರ ಬಲಹೀನತೆಯ ಬೆಲೆಯನ್ನು ತೆತ್ತವರು ಹೊರಗೆ ಹೋಗಬೇಕಾದವರು.

ಇಂಥ ಬೆಲೆಯನ್ನು ಬೇರೆಯವರು ತೆರಬೇಕಾದಾಗ ಪೌಲನು ಏನು ಮಾಡಿದನೆಂಬುದು ಗಲಾತ್ಯ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿದೆ. ಅಂತಿಯೋಕ್ಯದಲ್ಲಿ ಅನ್ಯಜನರ ಸಂಗಡ ಊಟಮಾಡುತ್ತಿದ್ದ ಕೇಫನು, ಯಾಕೋಬನ ಕಡೆಯವರು ಬಂದಾಗ ಹೆದರಿ ಹಿಂದೆ ಸರಿದನು. ಅವನೇನೂ ಸುಳ್ಳುಬೋಧನೆ ಮಾಡಿರಲಿಲ್ಲ. ಪಂಕ್ತಿಯಿಂದ ಎದ್ದುಹೋದನು, ಅಷ್ಟೇ. ಆದರೂ ಪೌಲನು ಅದನ್ನು ಸುವಾರ್ತೆಯ ಸತ್ಯಕ್ಕೆ ಸಲ್ಲದ ನಡತೆಯೆಂದು ಎಣಿಸಿ ಎಲ್ಲರೆದುರಿಗೆ ಅವನನ್ನು ಖಂಡಿಸಿದನು.

ಬೆಲ್ಹಾರ್ ಅರಿಕೆ

ದಕ್ಷಿಣ ಆಫ್ರಿಕದಲ್ಲಿ ಆ ಪೌಲನ ಕೆಲಸವನ್ನು ಮಾಡಿದವರು, ಹೊರಗಿಡಲ್ಪಟ್ಟವರೇ. 1982ರಲ್ಲಿ ಒಟ್ಟಾವಾದಲ್ಲಿ ಕೂಡಿದ ರಿಫಾರ್ಮ್ಡ್ ಸಭೆಗಳ ಜಾಗತಿಕ ಒಕ್ಕೂಟವು ವರ್ಣಭೇದ ನೀತಿಯನ್ನು ಪಾಪವೆಂದೂ ಅದರ ದೇವಶಾಸ್ತ್ರೀಯ ಸಮರ್ಥನೆಯನ್ನು ಪಾಷಂಡಬೋಧೆಯೆಂದೂ ಸಾರಿತು. ಅದೇ ವರ್ಷ ಆ ಮಿಷನ್ ಸಭೆಯ ಸಿನಡ್ ಕೇಪ್‌ಟೌನಿನ ಬೆಲ್ಹಾರ್‌ನಲ್ಲಿ ಒಂದು ವಿಶ್ವಾಸದ ಅರಿಕೆಯ ಕರಡನ್ನು ಸಿದ್ಧಪಡಿಸಿ, 1986ರಲ್ಲಿ ಅಂಗೀಕರಿಸಿತು. ಸಭೆಯ ಐಕ್ಯ, ಕ್ರಿಸ್ತನಲ್ಲಿ ಸಂಧಾನ, ದೇವರ ನ್ಯಾಯ, ಇವು ಅದರ ಮೂರು ಆಧಾರಗಳು. 1990ರಲ್ಲಿ ರುಸ್ಟೆನ್‌ಬರ್ಗ್‌ನ ಸಮ್ಮೇಳನದಲ್ಲಿ ಬಿಳಿಯ ಸಭೆಯ ದೇವಶಾಸ್ತ್ರಜ್ಞ ವಿಲ್ಲಿ ಯೋಂಕರ್ ತಮ್ಮ ಪಾಪವನ್ನೂ ತಮ್ಮ ಸಭೆಯ ಪಾಪವನ್ನೂ ಬಹಿರಂಗವಾಗಿ ಅರಿಕೆಮಾಡಿದರು.

ನಮ್ಮ ಬಾಗಿಲಲ್ಲಿ

ಇದು ದೂರದೇಶದ ಕಥೆಯೆಂದು ಪುಸ್ತಕವನ್ನು ಮುಚ್ಚುವಂತಿಲ್ಲ. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. 2016ರ ಜನವರಿಯ ಕೊನೆಯಲ್ಲಿ ಅದೇ ನಗರದ ಹೊರವಲಯದಲ್ಲಿ, ತನಗೆ ಯಾವ ಸಂಬಂಧವೂ ಇಲ್ಲದ ಒಂದು ಅಪಘಾತಕ್ಕಾಗಿ ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳು ಗುಂಪಿನ ಕೈಗೆ ಸಿಕ್ಕಳು. ಅಪಘಾತ ಮಾಡಿದವನೂ ಅವಳೂ ಕಪ್ಪುಬಣ್ಣದವರೆಂಬುದೇ ಸಾಕಾಗಿತ್ತು. ಆ ಗುಂಪಿನಲ್ಲಿ ನಾವು ಇರಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಅಂಥವರಿಗೆ ಮನೆ ಕೊಡಬೇಡಿರೆಂದು ಮೆಲುದನಿಯಲ್ಲಿ ಹೇಳಿದವರಲ್ಲಿ ನಾವಿದ್ದೆವು.

ನಮ್ಮ ಭಾಷೆಯಲ್ಲಿ ವರ್ಣವೆಂಬ ಒಂದೇ ಪದ ಮೈಬಣ್ಣವನ್ನೂ ಸೂಚಿಸುತ್ತದೆ, ಚಾತುರ್ವರ್ಣ್ಯವನ್ನೂ ಸೂಚಿಸುತ್ತದೆ. ಪರದೇಶದ ವರ್ಣಭೇದವನ್ನು ಪುಲ್ಪಿಟಿನಿಂದ ಖಂಡಿಸುವ ನಾವು, ಮದುವೆಯ ಮಾತುಕತೆಯಲ್ಲಿಯೂ ಸಭಾಸಮಿತಿಯ ಚುನಾವಣೆಯಲ್ಲಿಯೂ ಜಾತಿಯ ಎಣಿಕೆ ನಡೆಯುವಾಗ, ಜನರು ಇನ್ನೂ ಬಲಹೀನರು, ನಿಧಾನವಾಗಿ ಕಲಿಯುತ್ತಾರೆ ಎಂದು ಸುಮ್ಮನಿರುತ್ತೇವೆ. ದಲಿತ ವಿಶ್ವಾಸಿಗಳು ಆ ನಿಧಾನದ ಬೆಲೆಯನ್ನು ಎಷ್ಟು ತಲೆಮಾರು ತೆರಬೇಕು?

ಪ್ರಿಯ ದೇವಶಾಸ್ತ್ರ ವಿದ್ಯಾರ್ಥಿಗಳೇ, ಸಭಾಪಾಲಕ ಬಂಧುಗಳೇ, ಈ ಪ್ರಶ್ನೆಯು ನಿಮಗೂ ಬಂದೇ ಬರುವುದು. ಅದು ದ್ವೇಷದ ಮಾತಾಗಿ ಬಾರದು; ಆರಾಧನೆಯ ನಂತರ, ವಿನಯದಿಂದ, ನೆರೆಯವರ ಹೆಸರಿನಲ್ಲಿ ಬರುವುದು. ಆಗ ಈ ಶಾಂತಿಗೆ ಬೆಲೆ ತೆರುವವರು ಯಾರು ಎಂದು ಮೊದಲು ವಿಚಾರಿಸಿರಿ. ಸಾಧ್ಯವಾದರೆ ಮನೆಯವರೊಂದಿಗೆ ನೀವೂ ಆ ನೆರೆಯವರ ಬಾಗಿಲಿಗೆ ಹೋಗಿ ಮಾತಾಡಿರಿ. ನಾವು ಹೋಗಲಿಲ್ಲ. ಆ ಇಬ್ಬರು ಸಹೋದರರು ಎಲ್ಲಿ ಮನೆ ಹಿಡಿದರೋ ತಿಳಿಯದು. ಅವರ ಹೆಸರುಗಳನ್ನು ಸಹ ನಾವು ಕೇಳಿರಲಿಲ್ಲ. ಮುಂದಿನ ಭಾನುವಾರ ಎಂದಿನಂತೆ ರೊಟ್ಟಿಯನ್ನು ಮುರಿದು, ನಾವೆಲ್ಲರೂ ಒಂದೇ ದೇಹವೆಂದು ಸಭೆಗೆ ಹೇಳಿದೆವು.