ಕಿರುಗುಟ್ಟಿದ ಸೊಂಟ, ಕಿರಿದಾದ ಗುಂಡು

ದೇಹದ ದೊಡ್ಡ ಕೀಲುಗಳಲ್ಲಿ ಸೊಂಟದ್ದು ನೋಡಲು ಸರಳ. ತೊಡೆಮೂಳೆಯ ತುದಿಯ ಗುಂಡು ಸೊಂಟದ ಮೂಳೆಯ ಆಳವಾದ ಬಟ್ಟಲಲ್ಲಿ ಕೂತಿದೆ, ಅಷ್ಟೆ. ಭುಜದಲ್ಲೂ ಇಂಥದೇ ಏರ್ಪಾಡು. ಆದರೆ ಅಲ್ಲಿ ಬಟ್ಟಲಿಗೆ ಆಳವಿಲ್ಲ. ಹಾಗಾಗಿ ತೋಳು ಎತ್ತ ಬೇಕಾದರೂ ತಿರುಗುತ್ತದೆ, ಸುಲಭವಾಗಿ ಜಾರಿಯೂ ಬಿಡುತ್ತದೆ. ಮೈಭಾರ ಹೊರುವ ಸೊಂಟಕ್ಕೆ ಆ ಸಲುಗೆಯಿಲ್ಲ.

ಸರಳವೆನಿಸುವ ಈ ಕೀಲಿಗೆ ಬಾಳಿಕೆ ಬರುವ ಬದಲಿ ಹುಡುಕಲು ಸುಮಾರು ಎಪ್ಪತ್ತು ವರ್ಷ ಬೇಕಾಯಿತು. 1890ರ ಹೊತ್ತಿಗೆ ಬರ್ಲಿನ್ನಿನ ಥೆಮಿಸ್ಟೋಕ್ಲೀಸ್ ಗ್ಲುಕ್ ದಂತದ ಕೀಲುಗಳನ್ನು ಕೂರಿಸಿದರು. ಕ್ಷಯ ಹಿಡಿದ ಜಾಗದಲ್ಲಿ ಅವು ಸೋಂಕಿಗೆ ಸೋತವು. 1923ರಲ್ಲಿ ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ ಗುಂಡಿಗೆ ಗಾಜಿನ ಟೊಪ್ಪಿ ತೊಡಿಸಿದರು, ಗಾಜು ಒಡೆಯಿತು. 1946ರಲ್ಲಿ ಪ್ಯಾರಿಸ್ಸಿನ ಜುಡೆ ಸಹೋದರರು ಅಕ್ರಿಲಿಕ್ ಗುಂಡು ಇಟ್ಟರು.

ಅಂಥ ಗುಂಡು ಹೊತ್ತ ಒಬ್ಬ ರೋಗಿ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ ಬಳಿ ಬಂದ. ಅವನು ಮುಂದಕ್ಕೆ ಬಾಗಿದರೆ ಸೊಂಟ ಕಿರುಗುಟ್ಟುತ್ತಿತ್ತು. ಹೆಂಡತಿಗೆ ಆ ಸದ್ದು ಕೇಳಿ ಸಾಕಾಗಿಹೋಗಿತ್ತು. ಚಾರ್ನ್‌ಲಿಗೆ ಸದ್ದೇ ಸುಳಿವಾಯಿತು. ಆರೋಗ್ಯವಂತ ಕೀಲಿನಲ್ಲಿ ನುಣುಪಾದ ಮೃದ್ವಸ್ಥಿಯೂ ಕೀಲುದ್ರವವೂ ಸೇರಿ ಘರ್ಷಣೆಯನ್ನು ಮಂಜುಗಡ್ಡೆಗಳು ಪರಸ್ಪರ ಜಾರುವುದಕ್ಕಿಂತಲೂ ತಗ್ಗಿಸುತ್ತವೆ. ಅದೇ ದ್ರವ ಅಕ್ರಿಲಿಕ್ಕಿಗೆ ಎಣ್ಣೆಯಾಗಲಾರದು. ಅಂದರೆ, ತಾನಾಗಿಯೇ ಜಾರುವ ವಸ್ತು ಬೇಕು.

ಹಿಂದೆ ಕ್ಷಯರೋಗಿಗಳದಾಗಿದ್ದ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಅವರು ಟೆಫ್ಲಾನ್ ಬಟ್ಟಲು ಹಿಡಿದು ಹೊರಟರು. ಗುಂಡನ್ನು ಸಹಜ ಗಾತ್ರದ ಹೆಚ್ಚುಕಡಿಮೆ ಅರ್ಧಕ್ಕೆ, 22 ಮಿ.ಮೀ.ಗೆ ಇಳಿಸಿದರು. ಗುಂಡು ಕಿರಿದಾದಷ್ಟೂ ಬಟ್ಟಲನ್ನು ತಿರುಚುವ ಬಲ ಕಡಿಮೆ. ಬಟ್ಟಲನ್ನೂ ದಪ್ಪಗೆ ಮಾಡಬಹುದು. ಹಲ್ಲಿನ ವೈದ್ಯರು ಬಳಸುತ್ತಿದ್ದ ಅಕ್ರಿಲಿಕ್ ಸಿಮೆಂಟಿನಿಂದ ಭಾಗಗಳನ್ನು ಮೂಳೆಗೆ ಕೂರಿಸಿದರು. ರೋಗಿಗಳು ನೋವಿಲ್ಲದೆ ನಡೆದರು. ಆದರೆ ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು, ಅದರ ಪುಡಿ ಸುತ್ತಲಿನ ಅಂಗಾಂಶವನ್ನು ಕೆರಳಿಸಿತು. ಸುಮಾರು ಮುನ್ನೂರು ಮಂದಿಯಲ್ಲಿ ಬಹುತೇಕರಿಗೆ ಮರುಶಸ್ತ್ರಚಿಕಿತ್ಸೆ ಬೇಕಾಯಿತು.

1962ರಲ್ಲಿ ಮಗ್ಗದ ಹಲ್ಲುಚಕ್ರಗಳಿಗೆ ಬಳಕೆಯಾಗುತ್ತಿದ್ದ ಪಾಲಿಎಥಿಲೀನ್ ತುಂಡೊಂದು ಆಸ್ಪತ್ರೆಗೆ ಬಂತು. ಚಾರ್ನ್‌ಲಿ ಅದನ್ನು ತಳ್ಳಿಹಾಕಿದರು. ತಂತ್ರಜ್ಞ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಸವೆತ ಅಳೆಯುವ ಯಂತ್ರಕ್ಕೆ ಹಾಕಿ ಓಡಿಸಿಯೇಬಿಟ್ಟರು. ಟೆಫ್ಲಾನ್ ಒಂದು ದಿನದಲ್ಲಿ ಸವೆದಷ್ಟೂ ಅದು ಮೂರು ವಾರದಲ್ಲಿ ಸವೆದಿರಲಿಲ್ಲ. ಈ ಸಲ ಚಾರ್ನ್‌ಲಿ ಹೊಸ ವಸ್ತುವಿನ ಚೂರನ್ನು ಮೊದಲು ತಮ್ಮ ತೊಡೆಯಲ್ಲೇ ಹುದುಗಿಸಿಕೊಂಡು ಕಾದರು. ಅದೇ ವರ್ಷದ ನವೆಂಬರಿನಲ್ಲಿ ರೋಗಿಗಳಿಗೆ ಅಳವಡಿಕೆ ಶುರುವಾಯಿತು.

ನಿಸರ್ಗದ ಗುಂಡನ್ನು ನಕಲು ಮಾಡುವ ಹಟ ಬಿಟ್ಟಾಗಲೇ ಕೃತಕ ಸೊಂಟ ನಿಂತಿತು. ಕಿರಿದಾದ ಗುಂಡಿಗೂ ಒಂದು ಬೆಲೆಯಿತ್ತು: ಅದು ಬಟ್ಟಲಿಂದ ಬೇಗ ತಪ್ಪುತ್ತದೆ. ವಿಕಿರಣದಿಂದ ಗಟ್ಟಿಗೊಳಿಸಿದ ಪಾಲಿಎಥಿಲೀನ್ ಬಂದ ಮೇಲೆ ಸವೆತ ತಗ್ಗಿ, ಈಗ 32, 36 ಮಿ.ಮೀ. ಗುಂಡುಗಳೇ ಸಾಮಾನ್ಯ.