ದೀನ್ ಕೊಟ್ಟ ರಿಯಾಯಿತಿಯನ್ನು ಮನೆಯವರೂ ಕೊಡಲಿ

ಸ್ತನ ಕ್ಯಾನ್ಸರ್ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. "ಅವಳಿಗೆ ಆ ರೋಗ" ಅಂತ ಮೆಲ್ಲಗೆ ಹೇಳಿ ಸುಮ್ಮನಾಗುತ್ತೇವೆ. ಆದರೆ ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ 1.9 ಲಕ್ಷದಷ್ಟು ಹೊಸ ರೋಗಿಗಳು. ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ನಮ್ಮಲ್ಲಿ ಇದು ಕಾಣಿಸುತ್ತದೆ. ಕೈಯಲ್ಲೊಂದು ಕೂಸು, ಮದ್ರಸಕ್ಕೆ ಹೋಗುವ ಇನ್ನೊಂದು ಮಗು ಇರುವ ತಾಯಂದಿರೂ ಇವರಲ್ಲಿದ್ದಾರೆ.

ಹಾಲೂಡಿಸುವ ತಾಯಿಯ ಎದೆಯಲ್ಲಿ ಗಂಟು ಕಂಡರೆ "ಹಾಲು ಕಟ್ಟಿದೆ, ಶಾಖ ಕೊಡು" ಅಂತಾರೆ. ಹೆಚ್ಚಿನ ಸಲ ಅದು ನಿಜವೇ. ಆದರೆ ಎರಡು ವಾರವಾದರೂ ಕರಗದ ಗಂಟನ್ನು, ನೋವಿಲ್ಲದಿದ್ದರೂ, ಡಾಕ್ಟರಿಗೆ ತೋರಿಸಲೇಬೇಕು. ಚರ್ಮ ಕುಳಿ ಬೀಳುವುದು, ತೊಟ್ಟು ಒಳಗೆ ಎಳೆದುಕೊಳ್ಳುವುದು, ರಕ್ತ ಬರುವುದು ಇವೂ ಸೂಚನೆಗಳೇ. ಅಲ್ಟ್ರಾಸೌಂಡ್ ಮಾಡಿಸಿದರೆ ಹಾಲಿಗಾಗಲಿ ಮಗುವಿಗಾಗಲಿ ತೊಂದರೆಯಿಲ್ಲ.

ಗಂಡ ಗಲ್ಫ್‌ನಲ್ಲಿ, ಅತ್ತೆಯ ಹತ್ತಿರ ಹೇಳಲು ನಾಚಿಕೆ, ಡಾಕ್ಟರ್ ಗಂಡಸಾದರೆ ಹೇಗೆ ಎಂಬ ಹೆದರಿಕೆ. ಹೀಗೇ ತಿಂಗಳುಗಳು ಹೋಗುತ್ತವೆ. ಮಹಿಳಾ ಡಾಕ್ಟರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅಗತ್ಯವಿದ್ದಷ್ಟು ಗಂಡಸು ಡಾಕ್ಟರ್ ನೋಡಲು ಶರೀಅತ್‌ನಲ್ಲಿ ಅನುಮತಿಯಿದೆ, ಜತೆಯಲ್ಲಿ ಮನೆಯವರೊಬ್ಬರು ಇರಲಿ. ಉಸ್ತಾದರಾದ ನಮ್ಮ ಹತ್ತಿರ ನೀರು ಮಂತ್ರಿಸಲು ಬಂದರೆ ಮಂತ್ರಿಸಿ ಕೊಡೋಣ, ಆದರೆ ಅದೇ ದಿನ ಆಸ್ಪತ್ರೆಗೂ ಕಳಿಸೋಣ. ರೋಗ ಬಂದಾಗ ಚಿಕಿತ್ಸೆ ಪಡೆಯಲು ಕಲಿಸಿದವರು ಪ್ರವಾದಿ(ಸ)ರೇ.

ಕೀಮೋ ಶುರುವಾದರೆ ಮದ್ದು ಎದೆಹಾಲಿಗೂ ಸೇರುವುದರಿಂದ ಮಗುವಿಗೆ ಹಾಲು ಬಿಡಿಸಬೇಕಾಗುತ್ತದೆ. ಕೂದಲು ಹೋಗುವುದಕ್ಕಿಂತ ಇದೇ ಎಷ್ಟೋ ತಾಯಂದಿರಿಗೆ ದೊಡ್ಡ ಸಂಕಟ. "ಎರಡು ವರ್ಷ ಕುಡಿಸಲಿಲ್ಲ" ಎಂಬ ಚುಚ್ಚುಮಾತು ಬೇಡ. ಅಲ್-ಬಖರ ಸೂರಾದ 233ನೇ ಆಯತ್‌ನಲ್ಲಿ ತಂದೆ ತಾಯಿ ಮಾತಾಡಿಕೊಂಡು ಬೇಗ ಹಾಲು ಬಿಡಿಸುವುದಕ್ಕೂ ಬೇರೆ ಹೆಂಗಸಿನಿಂದ ಕುಡಿಸುವುದಕ್ಕೂ ಅವಕಾಶವಿದೆ. ಬೇರೆಯವರು ಕುಡಿಸಿದರೆ ಅದನ್ನು ಬರೆದಿಡಿ. ಶಾಫಿಈ ಮದ್‌ಹಬ್‌ನಂತೆ ಎರಡು ವರ್ಷದೊಳಗೆ ಐದು ಸಲ ಕುಡಿದರೆ ಹಾಲಿನ ಸಂಬಂಧ ಆಗುತ್ತದೆ, ಮುಂದೆ ಆ ಮಗುವಿಗೂ ಹಾಲು ಕೊಟ್ಟವಳ ಮಕ್ಕಳಿಗೂ ಮದುವೆ ಇಲ್ಲ. ಡಬ್ಬದ ಹಾಲಿಗೆ ಈ ಲೆಕ್ಕವಿಲ್ಲ.

ಉಪವಾಸದ ವಿಷಯವೂ ಹಾಗೆಯೇ. ಅದೇ ಸೂರಾದ 184 ಮತ್ತು 185ನೇ ಆಯತ್‌ಗಳು ರೋಗಿಗೆ ರಿಯಾಯಿತಿ ಕೊಟ್ಟಿವೆ. ಗುಣವಾದ ಮೇಲೆ ಖಝಾ ಮಾಡಿದರಾಯಿತು. ನಿಲ್ಲಲು ಆಗದಿದ್ದರೆ ಕೂತು ನಮಾಝ್, ನೀರು ತಾಗಬಾರದಿದ್ದರೆ ತಯಮ್ಮುಮ್. ಇದನ್ನು ಈಮಾನಿನ ಕೊರತೆ ಅನ್ನುವವರು ದೀನನ್ನು ಸರಿಯಾಗಿ ಓದಿಲ್ಲ.

ಕಷ್ಟ ಚಿಕಿತ್ಸೆಗೆ ಮುಗಿಯುವುದಿಲ್ಲ. "ಈಗ ಸರಿಯಾಯಿತಲ್ಲ" ಅಂತ ಮನೆಯ ಕೆಲಸವೆಲ್ಲ ಅವಳ ಮೇಲೆಯೇ ಬೀಳುತ್ತದೆ. ಆಯಾಸ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಬದಿಯ ಕೈ ವರ್ಷಗಳ ನಂತರವೂ ಊದಿಕೊಳ್ಳಬಹುದು. ಕೆಲವರಿಗೆ ಟಮೊಕ್ಸಿಫೆನ್ ಮಾತ್ರೆ ಐದರಿಂದ ಹತ್ತು ವರ್ಷ ಇರುತ್ತದೆ, ಅದನ್ನು ತೆಗೆದುಕೊಳ್ಳುವಾಗ ಗರ್ಭ ಧರಿಸಬಾರದು. "ಇನ್ನೊಂದು ಮಗು ಯಾವಾಗ" ಅಂತ ಕೇಳುವವರು ಇದನ್ನು ತಿಳಿದಿರಲಿ.

ಇದು ಅಂಟುರೋಗವೂ ಅಲ್ಲ. ಒಂದೇ ತಟ್ಟೆಯಲ್ಲಿ ಉಣ್ಣಬಹುದು, ಮಕ್ಕಳನ್ನು ಅಪ್ಪಿಕೊಂಡು ಮಲಗಬಹುದು. ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನು ಬಚ್ಚಿಡುವವರಿದ್ದಾರೆ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಇದು ವಂಶದಿಂದ ಬರುವುದು. ಚಿಕ್ಕ ಪ್ರಾಯದಲ್ಲಿ ಬಂದರೆ ಡಾಕ್ಟರರು ಜೀನ್ ಪರೀಕ್ಷೆ ಹೇಳಬಹುದು. ಅದು ಮಗಳ ಜಾಗ್ರತೆಗೆ, ಸಂಬಂಧ ಮುರಿಯಲಿಕ್ಕಲ್ಲ.

ಖರ್ಚಿಗೆ ಹೆದರಿ ಕೂರಬೇಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಕಾರ್ಡ್ ಹಿಡಿದು ವೆನ್‌ಲಾಕ್‌ನಂಥ ಸರಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ಜಮಾಅತ್‌ನವರು ಮಾಡಬಹುದಾದ್ದು ಇನ್ನೂ ಇದೆ. ಕೀಮೋ ದಿನ ಆ ಮನೆಗೆ ಒಂದು ಹೊತ್ತಿನ ಊಟ ಕಳಿಸುವುದು, ಮಗುವನ್ನು ಮದ್ರಸಕ್ಕೆ ಬಿಟ್ಟು ಕರೆತರುವುದು, ಹೆಂಗಸರ ಕ್ಲಾಸಿನಲ್ಲಿ ಈ ವಿಷಯವನ್ನು ನಾಚಿಕೆಯಿಲ್ಲದೆ ತಿಳಿಸುವುದು. ರೋಗಿಯನ್ನು ನೋಡಲು ಹೋಗುವುದು ಸುನ್ನತ್. ಹೋದಾಗ ಯಾರು ಸತ್ತರೆಂಬ ಕಥೆ ಬೇಡ. ದುಆ ಮಾಡಿ, ಕೈಲಾದ ಕೆಲಸ ಮಾಡಿಕೊಟ್ಟು ಬನ್ನಿ. ಈ ತಾಯಂದಿರಿಗೆಲ್ಲ ಅಲ್ಲಾಹನು ಶಿಫಾ ನೀಡಲಿ, ಆಮೀನ್.